ಲಿಂಗಾನುಸಂಧಾನವೂ ಶರಣಸಂಗವೂ

ಇಷ್ಟಲಿಂಗದ ಅನುಸಂಧಾನವು ಏಕಾಂತದ ಸಾಧನೆ. ಸಾಧಕನು ಎಡದ ಅಂಗೈಯಲ್ಲಿ ಲಿಂಗವನ್ನಿರಿಸಿಕೊಂಡು, ಅರೆದೆರೆದ ಕಣ್ಣಿನಿಂದ ಅದರಲ್ಲಿಯೇ ದೃಷ್ಟಿಯನ್ನು ನೆಲೆಗೊಳಿಸುವಾಗ ಅನ್ಯರ ನೆರವು ಅವನಿಗೆ ಬೇಕಿಲ್ಲ. ನಡುವೆ ಪೂಜಾರಿಯಿಲ್ಲ, ದಾಟಬೇಕಾದ ದೇಗುಲದ ಹೊಸ್ತಿಲೂ ಇಲ್ಲ. ಹೀಗಿದ್ದೂ ಶರಣರು ಸಂಗವನ್ನು ಬಿಡಲಿಲ್ಲ. ಅದನ್ನು ಹಂಬಲಿಸಿ ದೂರ ದೂರದಿಂದ ಕಲ್ಯಾಣಕ್ಕೆ ನಡೆದು ಬಂದರು. ಏಕಾಂತದ ಪೂಜೆಗೆ ಸಂಗವೇಕೆ? ಆ ಸಂಗದಲ್ಲಿ ಎಡೆ ಯಾರಿಗೆ? ಸದ್ಭಕ್ತರು ವಿಚಾರಿಸಿ ತಿಳಿಯಬೇಕಾದ ಎರಡು ಪ್ರಶ್ನೆಗಳಿವು.

ಬೆಂಗಳೂರಿನ ಪಶ್ಚಿಮ ಭಾಗದ ಗೃಹಸ್ಥರಿಗಂತೂ ಇವು ಕೇವಲ ಶಾಸ್ತ್ರದ ಪ್ರಶ್ನೆಗಳಲ್ಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ನಗರ ಬೆಳೆದಂತೆ ಎದ್ದ ಬಡಾವಣೆಗಳು. ಕೆಂಗೇರಿಯಾದರೋ ಮೈಸೂರು ರಸ್ತೆಯ ಹಳೆಯ ಊರು. ಅದೂ ಈಗ ನಗರದೊಳಗೆ ಸೇರಿದೆ, ೨೦೨೧ರಿಂದ ಮೆಟ್ರೋ ರೈಲು ಅಲ್ಲಿಗೆ ಮುಟ್ಟುತ್ತಿದೆ. ಹಳ್ಳಿಗಳಲ್ಲಿ ಬೇರೆ ಬೇರೆ ಕೇರಿಗಳಲ್ಲಿ ಬಾಳುತ್ತಿದ್ದ ಕುಲಗಳವರು ಇಲ್ಲಿ ಒಂದೇ ಗೋಡೆಯ ಎರಡು ಬದಿಗಳಲ್ಲಿದ್ದಾರೆ. ಓಣಿಯ ನಾಲ್ಕು ಮನೆಯವರು ಸೇರಿ ಧ್ಯಾನಕ್ಕೆ ಕುಳಿತರೆ, ಐದನೆಯ ಮನೆಯವರು ಲಿಂಗಧಾರಿಗಳಲ್ಲದಿದ್ದರೂ ತಾವೂ ಕುಳಿತುಕೊಳ್ಳಬಹುದೇ ಎಂದು ಕೇಳುವರು. ಆಗ ಮನೆಯ ಯಜಮಾನನು ಏನು ಹೇಳಬೇಕು? ಬಸವಣ್ಣನವರ ಹೆಸರನ್ನೇ ಹೊತ್ತ ಬಡಾವಣೆಯಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚಿನ ತೂಕವುಂಟು.

ಮೊದಲು ಸಂಗದ ಅಗತ್ಯವನ್ನು ನೋಡಬೇಕು. ೧೨ನೆಯ ಶತಮಾನದಲ್ಲಿ ಕಲ್ಯಾಣದ ಅನುಭವಮಂಟಪದಲ್ಲಿ ನಡೆದುದು ಕೇವಲ ಸಾಮೂಹಿಕ ಪೂಜೆಯಲ್ಲ, ಅನುಭಾವದ ಪರೀಕ್ಷೆ. ಏಕಾಂತದಲ್ಲಿ ಕುಳಿತವನಿಗೆ ಕಂಡ ಬೆಳಕು ನಿಜವೋ ಮನಸ್ಸಿನ ಬೆಡಗೋ ಎಂಬುದನ್ನು ಅವನೊಬ್ಬನೇ ಅಳೆಯಲಾರನು. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿ, ಗುಡಿ ಎಬ್ಬಿಸಿ ಲೋಕೋಪಕಾರದಲ್ಲಿ ನಿರತರಾಗಿದ್ದ ಮಹಾಯೋಗಿಗಳು. ಅಂಥವರಿಗೂ ಅಲ್ಲಮಪ್ರಭುಗಳ ಕಟುವಾದ ಮಾತು ಬೇಕಾಯಿತು. ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯನ್ನು ಪಡೆದರು. ಅಕ್ಕಮಹಾದೇವಿಯೂ ಅಲ್ಲಮರ ಪ್ರಶ್ನೆಗಳನ್ನು ಎದುರಿಸಿಯೇ ಶರಣರ ಮನ್ನಣೆಗೆ ಪಾತ್ರಳಾದಳು. ಧ್ಯಾನವು ಒಬ್ಬನದು, ಧ್ಯಾನದ ಒರೆಗಲ್ಲು ಸಂಗದ್ದು.

ಇನ್ನು ಎಡೆ ಯಾರಿಗೆಂಬ ಪ್ರಶ್ನೆ. ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ಡೋಹರ ಕಕ್ಕಯ್ಯನವರು, ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು, ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡುತ್ತಿದ್ದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಇವರೆಲ್ಲ ಶರಣಗಣದಲ್ಲಿ ಸಮಾನರಾಗಿ ಕುಳಿತವರು. ಇದು ಕೇವಲ ಔದಾರ್ಯವಲ್ಲ, ತತ್ತ್ವದ ಫಲ. ಲಿಂಗವನ್ನು ಧರಿಸಿದ ಅಂಗಕ್ಕೆ ಜಾತಿ, ಜನನ, ಮರಣ, ರಜಸ್ಸು, ಉಚ್ಛಿಷ್ಟಗಳೆಂಬ ಪಂಚಸೂತಕಗಳಿಲ್ಲವೆಂದು ಶರಣರು ಸಾರಿದರು. ಜಾತಿಸೂತಕವಿಲ್ಲವೆಂದ ಮೇಲೆ ಪಂಕ್ತಿಭೇದವಿಲ್ಲ. ರಜಸ್ಸೂತಕವಿಲ್ಲವೆಂದ ಮೇಲೆ ಗೃಹಿಣಿಯು ಲಿಂಗಪೂಜೆಯನ್ನು ಬಿಟ್ಟು ದೂರ ಕೂಡಬೇಕಾದ ದಿನವೊಂದೂ ಇಲ್ಲ. ತಿಂಗಳಲ್ಲಿ ಮೂರು ದಿನ ಅವಳನ್ನು ಹೊರಗಿರಿಸುವ ಮನೆಯಲ್ಲಿ ಲಿಂಗವು ಕೊರಳಿನಲ್ಲಿದೆ, ತತ್ತ್ವವು ಇನ್ನೂ ಒಳಗೆ ಬಂದಿಲ್ಲ.

ಇಲ್ಲಿ ಒಂದು ಆಕ್ಷೇಪ ಹುಟ್ಟುವುದು ಸಹಜ. ವಚನಗಳಲ್ಲಿ ಭವಿಯ ಸಂಗವನ್ನು ಕಠಿಣವಾಗಿ ನಿಷೇಧಿಸಿದೆಯಲ್ಲವೇ? ನಿಷೇಧಿಸಿರುವುದು ನಿಜ, ಅದನ್ನು ಮರೆಮಾಚಲಾಗದು. ಆದರೆ ಭವಿಯೆಂಬುದು ಹುಟ್ಟಿನ ಹೆಸರಲ್ಲ. ಭಕ್ತ ಭವಿಗಳ ನಡುವಿನ ಗೆರೆಯು ಯಾವ ಕುಲದವನಾದರೂ ದಾಟಬಹುದಾದ ಗೆರೆ. ಬಸವಣ್ಣನವರೇ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ ಅದನ್ನು ದಾಟಿದವರು. ಆಚಾರವಿಲ್ಲದ ಲಿಂಗಧಾರಿಯನ್ನೂ ಶರಣರು ಬಿಡದೆ ಖಂಡಿಸಿದರು. ಷಟ್‌ಸ್ಥಲದಲ್ಲಿ ಮೊದಲನೆಯದಾದ ಭಕ್ತಸ್ಥಲದ ಲಕ್ಷಣವು ಶ್ರದ್ಧೆ. ನೆರೆಮನೆಯವರು ಶಿವಧ್ಯಾನವನ್ನು ಬಯಸಿ ಬಾಗಿಲಿಗೆ ಬಂದರೆಂದರೆ ಶ್ರದ್ಧೆಯ ಬೀಜವು ಮೊಳೆತಿದೆ ಎಂದರ್ಥ. ಅದನ್ನು ಹೊಸ್ತಿಲಲ್ಲಿಯೇ ಚಿವುಟುವುದು ಆಚಾರವೆನಿಸದು. ದೀಕ್ಷೆಯು ಗುರುವಿನಿಂದ ಬರತಕ್ಕದ್ದು. ಅದನ್ನು ಒತ್ತಾಯಿಸುವುದೂ ಬೇಡ, ನಿರಾಕರಿಸುವುದೂ ಬೇಡ. ಲಿಂಗಧಾರಿಗಳು ಲಿಂಗದಲ್ಲಿ ದೃಷ್ಟಿಯಿರಿಸಲಿ. ಲಿಂಗವಿಲ್ಲದವರು ತಮ್ಮ ಉಸಿರನ್ನೋ ಪಂಚಾಕ್ಷರಿಯನ್ನೋ ಹಿಡಿದು ಮೌನದಲ್ಲಿ ಕೂಡಲಿ.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಸಂಗವು ಪೂರ್ಣವಾಗುವುದಿಲ್ಲ. ಷಟ್‌ಸ್ಥಲದ ಭಕ್ತಿಗಳಲ್ಲಿ ಶ್ರದ್ಧೆ, ನಿಷ್ಠೆಗಳ ನಂತರ ಬರುವುದು ಅವಧಾನ. ಅದು ಪ್ರಸಾದಿಸ್ಥಲದ ಭಕ್ತಿ. ಲಿಂಗದಲ್ಲಿ ಕಣ್ಣು ನೆಡುವುದು ಅವಧಾನದ ಆರಂಭ ಮಾತ್ರ. ನಾಸಿಕಕ್ಕೆ ಆಚಾರಲಿಂಗ, ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ತ್ವಕ್ಕಿಗೆ ಜಂಗಮಲಿಂಗ, ಕಿವಿಗೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗವೆಂದು ಶರಣರು ವಿಂಗಡಿಸಿದುದರ ತಾತ್ಪರ್ಯವು, ಪೂಜೆ ಮುಗಿದ ಮೇಲೆಯೂ ಇಂದ್ರಿಯಗಳು ಎಚ್ಚರದಿಂದಿರಬೇಕೆಂಬುದೇ ಆಗಿದೆ.

ಈ ಎಚ್ಚರವು ತಪ್ಪಬಹುದೆಂಬುದಕ್ಕೆ ಶೂನ್ಯಸಂಪಾದನೆಯಲ್ಲಿ ಮರುಳಶಂಕರದೇವರ ಪ್ರಸಂಗವಿದೆ. ಅವರು ಪರದೇಶದಿಂದ ಬಂದವರೆಂದು ಪ್ರತೀತಿ. ಬಸವಣ್ಣನವರ ಮಹಾಮನೆಯಲ್ಲಿ ಪ್ರಸಾದಕುಂಡದ ಬಳಿ ೧೨ ವರ್ಷ ಮೌನದಿಂದ ಸೇವೆ ಮಾಡಿಕೊಂಡಿದ್ದರು. ಬಂದುಹೋಗುವ ಅಸಂಖ್ಯಾತ ಶರಣರ ನಡುವೆ ಅವರ ನಿಲವನ್ನು ಯಾರೂ ಅರಿಯಲಿಲ್ಲ; ಬಸವಣ್ಣನವರೂ ಅರಿಯಲಿಲ್ಲ. ಅಲ್ಲಮಪ್ರಭುಗಳು ಬಂದು ಗುರುತಿಸಿ ತೋರಿಸಿದಾಗ ಬಸವಣ್ಣನವರು ಮರುಗಿದರು. ಎಲ್ಲರಿಗೂ ತೆರೆದಿದ್ದ ಮನೆಯಲ್ಲಿಯೇ, ಎಲ್ಲರಿಗಿಂತ ಹಿರಿಯ ಸಾಧಕನೊಬ್ಬನು ಯಾರ ಕಣ್ಣಿಗೂ ಬೀಳದೆ ಉಳಿದನು. ಬಸವಣ್ಣನವರಿಗೇ ಹೀಗಾದರೆ ಇಂದಿನ ಗೃಹಸ್ಥರು ಎಷ್ಟು ಎಚ್ಚರದಿಂದಿರಬೇಕು!

ಆದುದರಿಂದ ಓಣಿಯ ಧ್ಯಾನಕೂಟವು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕು. ಪುರುಷರು ಕಣ್ಣು ಮುಚ್ಚಿ ಕುಳಿತಿರುವಾಗ ಪ್ರಸಾದವನ್ನು ಬೇಯಿಸುತ್ತಿರುವ ತಾಯಿ ಯಾವಾಗ ಕುಳಿತುಕೊಳ್ಳುವಳು? ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳು, ಬೀದಿ ಗುಡಿಸುವ ಪೌರಕಾರ್ಮಿಕ, ಬಾಗಿಲು ಕಾಯುವ ಕಾವಲುಗಾರ ಇವರ ಹೆಸರನ್ನಾದರೂ ಕೂಟದವರು ಬಲ್ಲರೇ? ಧ್ಯಾನ ಮುಗಿದ ಮೇಲೆ ಪ್ರಸಾದವನ್ನು ಅವರು ಅದೇ ಪಂಕ್ತಿಯಲ್ಲಿ ಕುಳಿತು ಸ್ವೀಕರಿಸುವರೋ, ಹಿತ್ತಲ ಬಾಗಿಲಲ್ಲಿ ಪೊಟ್ಟಣ ಕಟ್ಟಿಸಿಕೊಂಡು ಹೋಗುವರೋ? ಅಡುಗೆಯ ಕೆಲಸವನ್ನು ಸರದಿಯಂತೆ ಹಂಚಿಕೊಂಡರೆ, ಕೂಡುವ ಹೊತ್ತನ್ನು ದುಡಿಯುವವರ ಬಿಡುವಿಗೆ ಹೊಂದಿಸಿದರೆ, ಅದೂ ಲಿಂಗಪೂಜೆಯ ಅಂಗವೇ. ಹುಲ್ಲು ಕೊಯ್ಯುವಾಗ ಜಾರಿ ಬಿದ್ದ ಲಿಂಗವನ್ನು ಬಿಟ್ಟು ಕಾಯಕಕ್ಕೆ ನಡೆದ ನುಲಿಯ ಚಂದಯ್ಯನವರನ್ನು ಲಿಂಗವೇ ಹಿಂಬಾಲಿಸಿತೆಂಬ ಕಥೆಯ ಮರ್ಮವೂ ಇದೇ.

ಇದು ಸುಲಭವೆಂದು ಶರಣರು ಹೇಳಲಿಲ್ಲ. ಹರಳಯ್ಯ ಮಧುವರಸರು ತಮ್ಮ ಮಕ್ಕಳ ವಿವಾಹದಿಂದ ಕುಲದ ಗೋಡೆಯನ್ನು ಒಡೆದುದಕ್ಕೆ ಪ್ರಾಣವನ್ನೇ ತೆತ್ತರು. ಇಂದಿನ ಗೃಹಸ್ಥನಿಂದ ಅಷ್ಟನ್ನು ಯಾರೂ ಕೇಳುತ್ತಿಲ್ಲ. ಒಂದು ಚಾಪೆಯನ್ನು ಹೆಚ್ಚಾಗಿ ಹಾಸಿ, ಅದರಲ್ಲಿ ಕುಳಿತವರ ಮುಖವನ್ನು ಲಿಂಗದಷ್ಟೇ ಅವಧಾನದಿಂದ ನೋಡಬೇಕೆಂದು ಮಾತ್ರ ಕೇಳಲಾಗುತ್ತಿದೆ. ಅಂಗೈಯ ಲಿಂಗದಲ್ಲಿ ನೆಟ್ಟ ದೃಷ್ಟಿಯು ಎದುರಿನ ಜಂಗಮವನ್ನು ಕಾಣದೆ ಹೋದರೆ ಆ ಸಾಧನೆಯು ಅರ್ಧಕ್ಕೇ ನಿಂತಂತೆ.