ಮಗುವಿನ ಬೆಳವಣಿಗೆ ಮತ್ತು ಸಣ್ಣ ಕರುಳಿನ ಹಾನಿ: ಮಲ ಪರೀಕ್ಷೆಯಿಂದ ತಿಳಿಯುವುದೇನು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳ ಪೈಕಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಹೊಂದಿರಲಿಲ್ಲ. ಆಹಾರದ ಕೊರತೆ, ತಾಯಿಯ ಅಪೌಷ್ಟಿಕತೆ ಹಾಗೂ ಪದೇ ಪದೇ ತಗಲುವ ಸೋಂಕು ಇದಕ್ಕೆ ಪ್ರಮುಖ ಕಾರಣಗಳು. ಭೇದಿಯ ಲಕ್ಷಣವಿಲ್ಲದೆಯೂ ಸಣ್ಣ ಕರುಳಿಗೆ ಆಗುವ ಹಾನಿಯನ್ನು ಇವುಗಳೊಂದಿಗೆ ಪರಿಗಣಿಸುವುದು ಅವಶ್ಯಕ.

1. ಹಾನಿಯ ಸ್ವರೂಪ

ಸಣ್ಣ ಕರುಳಿನ ಒಳಪದರದಲ್ಲಿ ಬೆರಳಿನಾಕಾರದ ಅತಿ ಸೂಕ್ಷ್ಮ ಎಳೆಗಳಿದ್ದು, ಆಹಾರದ ಸತ್ವವನ್ನು ಇವೇ ಹೀರಿಕೊಳ್ಳುತ್ತವೆ. ಮಲದಿಂದ ಕಲುಷಿತವಾದ ನೀರು, ಮಣ್ಣು ಹಾಗೂ ಆಹಾರದ ಮೂಲಕ ರೋಗಾಣುಗಳು ನಿರಂತರವಾಗಿ ಒಳಸೇರಿದಾಗ ಈ ಎಳೆಗಳು ಮೊಟಕಾಗುತ್ತವೆ, ಒಳಪದರ ಊದಿಕೊಳ್ಳುತ್ತದೆ. ಆಗ ಮಗು ಉಂಡ ಅನ್ನ ಪೂರ್ಣವಾಗಿ ಮೈಗೆ ಹತ್ತುವುದಿಲ್ಲ.

2. ಮಲದಲ್ಲಿ ದೊರೆಯುವ ಸೂಚಕಗಳು

ಈ ಹಾನಿಯನ್ನು ನೇರವಾಗಿ ನೋಡಲು ಎಂಡೋಸ್ಕೋಪಿ ಮಾಡಿ ಕರುಳಿನ ತುಣುಕನ್ನು ತೆಗೆಯಬೇಕಾಗುತ್ತದೆ. ಆರೋಗ್ಯವಂತನಂತೆ ಕಾಣುವ ಮಗುವಿಗೆ ಇದು ಯೋಗ್ಯವಲ್ಲ. ಆದ್ದರಿಂದ ಸಂಶೋಧಕರು ಮಲದ ಮಾದರಿಯಲ್ಲಿ ಮೂರು ವಸ್ತುಗಳನ್ನು ಅಳೆಯುತ್ತಾರೆ. ಮೈಲೋಪೆರಾಕ್ಸಿಡೇಸ್ ಮತ್ತು ನಿಯೋಪ್ಟೆರಿನ್ ಕರುಳಿನ ಉರಿಯೂತವನ್ನು ಸೂಚಿಸುತ್ತವೆ. ಆಲ್ಫಾ-1 ಆಂಟಿಟ್ರಿಪ್ಸಿನ್ ರಕ್ತದಲ್ಲಿರುವ ಪ್ರೋಟೀನು. ಅದು ಮಲದಲ್ಲಿ ಹೆಚ್ಚಾಗಿ ಕಂಡರೆ ಕರುಳಿನ ಗೋಡೆಯ ಮೂಲಕ ಸೋರಿಕೆಯಾಗುತ್ತಿದೆ ಎಂದು ಅರ್ಥ.

ವೆಲ್ಲೂರು ಸೇರಿದಂತೆ 8 ದೇಶಗಳ ಕೇಂದ್ರಗಳಲ್ಲಿ ನಡೆದ ಮಾಲ್-ಎಡ್ ಅಧ್ಯಯನದ 2013ರ ವರದಿಯಲ್ಲಿ, ಈ ಸೂಚಕಗಳು ಅತಿ ಹೆಚ್ಚಿದ್ದ ಮಕ್ಕಳು ಅತಿ ಕಡಿಮೆಯಿದ್ದ ಮಕ್ಕಳಿಗಿಂತ ಮುಂದಿನ 6 ತಿಂಗಳಲ್ಲಿ ಸುಮಾರು 1 ಸೆಂ.ಮೀ. ಕಡಿಮೆ ಬೆಳೆದಿದ್ದರು.

3. ಪರೀಕ್ಷೆಯ ಮಿತಿ

ಎದೆಹಾಲು ಕುಡಿಯುವ ಶಿಶುಗಳಲ್ಲಿ ಈ ಸೂಚಕಗಳು ಸಹಜವಾಗಿಯೇ ಹೆಚ್ಚಿರಬಹುದು. ಹಾನಿಯು ಸಣ್ಣ ಕರುಳಿನಲ್ಲಿಯೇ ಇದೆಯೋ ದೊಡ್ಡ ಕರುಳಿನಲ್ಲಿದೆಯೋ ಎಂಬುದನ್ನು ಇವು ಖಚಿತಪಡಿಸುವುದಿಲ್ಲ. ನಂತರದ ಅಧ್ಯಯನಗಳ ಫಲಿತಾಂಶಗಳೂ ಎಲ್ಲೆಡೆ ಏಕರೂಪವಾಗಿಲ್ಲ. ಆದಕಾರಣ ಇವು ಸಮುದಾಯದ ಸ್ಥಿತಿಯನ್ನು ಅರಿಯುವ ಸಂಶೋಧನಾ ಸಾಧನಗಳೇ ಹೊರತು, ಒಂದೊಂದು ಮಗುವಿನ ರೋಗವನ್ನು ನಿರ್ಣಯಿಸುವ ಪರೀಕ್ಷೆಗಳಲ್ಲ. ಗ್ರಾಮದ ಎಲ್ಲ ಮಕ್ಕಳಿಗೂ ಇಂತಹ ಪರೀಕ್ಷೆ ಮಾಡಿಸುವ ಪ್ರಸ್ತಾವ ಬಂದಲ್ಲಿ, ಅನುದಾನ ವ್ಯಯಿಸುವ ಮೊದಲು ವೈದ್ಯಾಧಿಕಾರಿಗಳ ಅಭಿಪ್ರಾಯ ಪಡೆಯುವುದು ಉಚಿತ.

4. ಪಂಚಾಯಿತಿಯ ಹೊಣೆ

ಬಾಂಗ್ಲಾದೇಶ, ಕೀನ್ಯಾ ಮತ್ತು ಜಿಂಬಾಬ್ವೆಗಳಲ್ಲಿ ನಡೆದ ದೊಡ್ಡ ಪ್ರಯೋಗಗಳಲ್ಲಿ ಶೌಚಾಲಯ, ನೀರಿನ ಕ್ಲೋರಿನೀಕರಣ ಮತ್ತು ಕೈತೊಳೆಯುವ ವ್ಯವಸ್ಥೆಗಳಷ್ಟರಿಂದಲೇ ಮಕ್ಕಳ ಎತ್ತರ ಹೆಚ್ಚಲಿಲ್ಲ. ಪೂರಕ ಪೌಷ್ಟಿಕಾಹಾರ ದೊರೆತ ಗುಂಪುಗಳಲ್ಲಿ ಅಲ್ಪ ಸುಧಾರಣೆ ಕಂಡಿತು. ಶೌಚಾಲಯ ಕಟ್ಟಿಸಿದಲ್ಲಿಗೆ ಕೆಲಸ ಮುಗಿಯಿತೆಂದು ಭಾವಿಸುವಂತಿಲ್ಲ ಎಂಬುದೇ ಇದರ ಪಾಠ. ನೈರ್ಮಲ್ಯ ಇಡೀ ಊರಿಗೆ ತಲುಪಬೇಕು, ಆಹಾರವೂ ಜೊತೆಗೂಡಬೇಕು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಸದಸ್ಯರು ಈ ಅಂಶಗಳನ್ನು ಪರಿಶೀಲಿಸಬಹುದು:

• ನೀರುಗಂಟಿಯು ಕ್ರಮವಾಗಿ ಕ್ಲೋರಿನ್ ಹಾಕುತ್ತಿದ್ದಾರೆಯೇ? ಕೊನೆಯ ಮನೆಯ ನಲ್ಲಿಯಲ್ಲಿಯೂ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ. ಉಳಿಕೆ ಕ್ಲೋರಿನ್ ಇದೆಯೇ?
• ಕುಡಿಯುವ ನೀರಿನ ಕೊಳವೆ ಚರಂಡಿಯೊಳಗೆ ಹಾದುಹೋಗಿದೆಯೇ? ಸೋರಿಕೆ ಇದೆಯೇ?
• ಚಿಕ್ಕ ಮಕ್ಕಳ ಮಲವನ್ನು ತಿಪ್ಪೆಗೆ ಎಸೆಯದೆ ಶೌಚಾಲಯಕ್ಕೇ ಹಾಕಲಾಗುತ್ತಿದೆಯೇ?
• ಅಂಬೆಗಾಲಿಡುವ ಮಕ್ಕಳು ಆಡುವ ಜಾಗದಿಂದ ಕೋಳಿ ಹಾಗೂ ದನಕರುಗಳನ್ನು ದೂರವಿಡಲಾಗಿದೆಯೇ?
• ಅಂಗನವಾಡಿಯಲ್ಲಿ ತೂಕದೊಂದಿಗೆ ಎತ್ತರವನ್ನೂ ಅಳೆದು ದಾಖಲಿಸಲಾಗುತ್ತಿದೆಯೇ?

ಮಲ ಪರೀಕ್ಷೆ ಪ್ರಯೋಗಾಲಯದಲ್ಲಿ ನಡೆಯುವಂಥದ್ದು; ಎತ್ತರದ ಅಳತೆ ಪ್ರತಿ ಅಂಗನವಾಡಿಯಲ್ಲಿಯೂ ಸಾಧ್ಯ. ಒಂದೇ ಕೇರಿಯ ಹಲವು ಮಕ್ಕಳ ಬೆಳವಣಿಗೆ ಕುಂಠಿತವಾಗಿದ್ದರೆ, ಆ ಮನೆಗಳ ಆಹಾರದ ಜೊತೆಗೆ ಆ ಕೇರಿಯ ನೀರು ಮತ್ತು ಚರಂಡಿಯನ್ನೂ ಪರಿಶೀಲಿಸುವುದು ಸದಸ್ಯರ ಮೊದಲ ಕರ್ತವ್ಯ.