ಬಾಗಿಲಿಗೆ ಸಿಕ್ಕಿದ ಬೆರಳಲ್ಲ

ಪವರ್ ಪ್ರೆಸ್‌ಗೆ ಸಿಕ್ಕಿ ಜಜ್ಜಿದ ಬೆರಳನ್ನು ‘ಮನೆ ಬಾಗಿಲಿಗೆ ಸಿಕ್ಕಿತು’ ಎಂದು ಇಎಸ್‌ಐ ವೈದ್ಯರಿಗೆ ಹೇಳಿಬಿಡಲೇ ಎಂದು ಕೇಳಿದ್ದೀರಿ. ಬೇಡ. ಆ ಒಂದು ಮಾತಿಗೆ ಎಷ್ಟು ತೆರಬೇಕಾದೀತು, ಲೆಕ್ಕ ಹಾಕಿ: ಸಾಮಾನ್ಯ ಕಾಯಿಲೆಯ ರಜೆಗೆ ಇಎಸ್‌ಐ ಕೊಡುವುದು ಕೂಲಿಯ ಶೇ 70, ಅದೂ ವರ್ಷಕ್ಕೆ ಹೆಚ್ಚೆಂದರೆ 91 ದಿನ. ಕೆಲಸದಲ್ಲಾದ ಗಾಯಕ್ಕಾದರೆ ಶೇ 90, ದುಡಿಯಲಾಗದಷ್ಟು ಕಾಲವೂ. ಬೆರಳು ಮತ್ತೆ ಮಡಚದೇ ಹೋದರೆ ವೈದ್ಯಕೀಯ ಮಂಡಳಿ ಊನದ ಪ್ರಮಾಣ ನಿಗದಿ ಮಾಡುತ್ತದೆ, ಅದರಂತೆ ಜೀವನಪೂರ್ತಿ ಹಣ ಬರುತ್ತದೆ. ಬಾಗಿಲಿಗೆ ಸಿಕ್ಕಿದ ಬೆರಳಿಗೆ ಆ ಬಾಬತ್ತೇ ಇಲ್ಲ.

ಆಸ್ಪತ್ರೆ ಬಿಲ್ ಕಟ್ಟಿದ ಮಾಲೀಕರನ್ನು ದೂರುವುದು ಹೇಗೆ ಎಂಬ ನಿಮ್ಮ ಸಂಕೋಚ ಸಹಜವೇ. ಆದರೆ ಅಪಘಾತ ಪುಸ್ತಕದಲ್ಲಿ ಬರೆಸುವುದು ದೂರಲ್ಲ. ಈ ಪರಿಹಾರ ಕೊಡುವುದು ಅವರ ಜೇಬಲ್ಲ, ಇಎಸ್‌ಐ ನಿಗಮ. ‘ಗಾರ್ಡ್ ತೆಗೆದವನು ನಾನೇ’ ಎಂದೂ ಬರೆದಿದ್ದೀರಿ. ಕೆಲಸ ಬೇಗ ಸಾಗಲೆಂದು ತೆಗೆದದ್ದಾದರೆ ಅಷ್ಟರಿಂದಲೇ ಹಕ್ಕು ತಪ್ಪುವುದಿಲ್ಲ. (ಗಾರ್ಡ್ ಇಲ್ಲದೆ ಯಂತ್ರ ಓಡಿದ್ದು ಹೇಗೆ ಎಂಬುದು ಬೇರೆಯವರು ಉತ್ತರಿಸಬೇಕಾದ ಪ್ರಶ್ನೆ.) ಸೂಪರ್‌ವೈಸರ್ ಪುಸ್ತಕ ಕೊಡದಿದ್ದರೆ ದಿನಾಂಕ, ವೇಳೆ, ಯಂತ್ರ, ಕಂಡವರ ಹೆಸರು ನೀವೇ ಬರೆದು ಇಎಸ್‌ಐ ಶಾಖಾ ಕಚೇರಿಗೆ ಕೊಡಿ, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಬ್ಯಾಂಡೇಜ್ ಬಿಚ್ಚುವವರೆಗೆ ಕಾಯಬೇಡಿ.