ಕಾರವಾರ ಸಿಕ್ಕಿತು, ಅಂಕೋಲಾ ಸಿಗಲಿಲ್ಲ

ಕಾರವಾರದ ಕಡೆಯ ಮೀನುಗಾರರ ಸಹಕಾರಿ ಸಂಘವೊಂದರ ಲೆಕ್ಕಪತ್ರದ ತಂತ್ರಾಂಶವನ್ನು ಅಂಕೋಲಾದ ಮನೆಯಲ್ಲಿ ಕುಳಿತು ನೋಡಿಕೊಳ್ಳುತ್ತೇನೆ. ಸದಸ್ಯರ ಪಟ್ಟಿ, ಡೀಸೆಲ್ ಲೆಕ್ಕ, ಸಾಲದ ಕಂತು, ಇಷ್ಟೇ ಅದರ ಪ್ರಪಂಚ. ಕೋಡ್ ಬರೆಯಲು ಎಐ ಸಹಾಯಕವನ್ನು ಬಳಸತೊಡಗಿದಾಗ ತೊಡಕು ಎದುರಾಯಿತು: ಅದಕ್ಕೆ ಕೋಡ್ ಕಾಣುತ್ತದೆ, ಡೇಟಾಬೇಸ್ ಕಾಣುವುದಿಲ್ಲ. ಟೇಬಲ್ಲಿನ ಹೆಸರನ್ನು ಊಹಿಸಿ ಬರೆಯುತ್ತದೆ, ಊಹೆ ತಪ್ಪುತ್ತದೆ. ಈ ಕೊರತೆ ನೀಗಲೆಂದೇ ಎಂಸಿಪಿ, ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ವ್ಯವಸ್ಥೆ ಇದೆ. ಆಂಥ್ರೊಪಿಕ್ ಕಂಪನಿ 2024ರ ನವೆಂಬರಿನಲ್ಲಿ ಇದನ್ನು ಎಲ್ಲರಿಗೂ ಮುಕ್ತವಾಗಿ ಪ್ರಕಟಿಸಿತು. ನಾವು ಸಣ್ಣ ಸರ್ವರ್ ಒಂದನ್ನು ಬರೆದಿಟ್ಟರೆ ಸಹಾಯಕ ಬೇಕಾದಾಗ ಅದನ್ನು ಕೇಳಿ ತಿಳಿದುಕೊಳ್ಳುತ್ತದೆ. ಸುಲಭದ ಕೆಲಸ ಅಂದುಕೊಂಡೇ ಕೈಹಾಕಿದೆ. ಎಡವಿದ್ದನ್ನು ಬರೆದಿಟ್ಟರೆ ಇನ್ನೊಬ್ಬರಿಗಾದರೂ ಉಪಯೋಗವಾದೀತು.

1. ಮೊದಲು ಆಸೆ ಕಡಿಮೆ ಮಾಡಿ.
ಸರ್ವರಿನೊಳಗೆ ಸಹಾಯಕ ಕರೆಯಬಲ್ಲ ಒಂದೊಂದು ಕೆಲಸಕ್ಕೆ ಟೂಲ್ ಎನ್ನುತ್ತಾರೆ. ಉತ್ಸಾಹದಲ್ಲಿ ಕಂಡಕಂಡದ್ದಕ್ಕೆಲ್ಲ ಒಂದೊಂದು ಟೂಲ್ ಬರೆದೆ. ಸದಸ್ಯರನ್ನು ಹೆಸರಿನಿಂದ ಹುಡುಕಲು ಒಂದು, ಊರಿನಿಂದ ಹುಡುಕಲು ಒಂದು, ದೋಣಿಯ ನಂಬರಿನಿಂದ ಇನ್ನೊಂದು. ಪ್ರತಿ ಟೂಲಿನ ಹೆಸರು, ವಿವರಣೆ, ಕೊಡಬೇಕಾದ ಮಾಹಿತಿಯ ನಮೂನೆ ಎಲ್ಲವನ್ನೂ ಸಹಾಯಕ ಓದಿಕೊಳ್ಳಬೇಕು ಎಂಬುದು ತಲೆಗೆ ಹೊಳೆದಿರಲಿಲ್ಲ. ಕೆಲಸ ಶುರುವಾಗುವ ಮೊದಲೇ, ಒಮ್ಮೆಗೆ ಇಷ್ಟೇ ಪಠ್ಯ ಎಂದು ಸಹಾಯಕಕ್ಕಿರುವ ಜಾಗ ತುಂಬಿಹೋಗುತ್ತಿತ್ತು. ಮೇಲಾಗಿ ಒಂದನ್ನು ಕರೆಯುವಲ್ಲಿ ಇನ್ನೊಂದನ್ನು ಕರೆಯುತ್ತಿತ್ತು. ಈಗ ಉಳಿದಿರುವುದು ಮೂರು: ಟೇಬಲ್ಲುಗಳ ರಚನೆ ತೋರಿಸುವುದು, ಸದಸ್ಯರನ್ನು ಹುಡುಕುವುದು, ವರದಿ ತೆಗೆಯುವುದು. ಅಳಿಸಿದ ಟೂಲುಗಳಲ್ಲಿ ಒಂದಾದರೂ ಇರಬೇಕಿತ್ತು ಎಂದು ಇವತ್ತಿನವರೆಗೂ ಅನ್ನಿಸಿಲ್ಲ.

2. ಪ್ರಿಂಟ್ ಹಾಕುವ ಚಟ ಬಿಡಿ.
‘ಸರ್ವರ್ ಶುರುವಾಯಿತು’ ಎಂದು ಒಂದು ಸಾಲು ಪ್ರಿಂಟ್ ಹಾಕಿದ್ದೆ. ಅದೇ ಸರ್ವರನ್ನು ಕೆಡಿಸುತ್ತಿತ್ತು. ಒಂದೇ ಕಂಪ್ಯೂಟರಿನೊಳಗೆ ಸರ್ವರ್ ಸಹಾಯಕಕ್ಕೆ ಉತ್ತರ ಕೊಡುವುದು ಸ್ಟ್ಯಾಂಡರ್ಡ್ ಔಟ್‌ಪುಟ್ ಮೂಲಕ. ಆ ದಾರಿಯಲ್ಲಿ ಜೆಸನ್-ಆರ್‌ಪಿಸಿ ಸಂದೇಶ ಬಿಟ್ಟು ಬೇರೆ ಒಂದಕ್ಷರವೂ ಹೋಗಕೂಡದು. ನಮ್ಮ ಟಿಪ್ಪಣಿಗಳೆಲ್ಲ ಸ್ಟ್ಯಾಂಡರ್ಡ್ ಎರರ್‌ಗೆ ಇಲ್ಲವೇ ಲಾಗ್ ಫೈಲಿಗೆ ಹೋಗಬೇಕು. ಇದನ್ನು ಸರಿಪಡಿಸಿದ ಮೇಲೂ ಸಂಪರ್ಕ ಸಿಗಲಿಲ್ಲ. ಟರ್ಮಿನಲ್ಲಿನಲ್ಲಿ ನಾನು ಚಾಲೂ ಮಾಡಿಟ್ಟ ಪೈಥಾನ್ ಪರಿಸರ ಸಹಾಯಕಕ್ಕೆ ಗೊತ್ತೇ ಇರಲಿಲ್ಲ. ಸಂರಚನೆಯಲ್ಲಿ ಫೈಲುಗಳ ಪೂರ್ತಿ ಪಾಥ್ ಕೊಟ್ಟೆ, ನಡೆಯಿತು.

3. ಕಣ್ಣಿಗೆ ಒಂದೇ ಕಂಡದ್ದು ಕಂಪ್ಯೂಟರಿಗೂ ಒಂದೇ ಎಂದು ನಂಬಬೇಡಿ.
ನನ್ನನ್ನು ಹೆಚ್ಚು ಗೋಳು ಹೊಯ್ದುಕೊಂಡದ್ದು ಇದು. ‘ಕಾರವಾರ’ ಎಂದು ಹುಡುಕಿದರೆ ಪಟ್ಟಿ ಪೂರ್ತಿ ಬರುತ್ತಿತ್ತು, ‘ಅಂಕೋಲಾ’ ಎಂದರೆ ನಾಲ್ಕಾರು ಹೆಸರು ಮಾತ್ರ. ಮಾಜಾಳಿ ಸಿಗುತ್ತಿತ್ತು, ಬೇಲೆಕೇರಿ ಮಾಯ. ಸಹಾಯಕ ತಪ್ಪು ಪ್ರಶ್ನೆ ಕೇಳುತ್ತಿದೆ ಎಂದು ಅದನ್ನೇ ಬೈದುಕೊಂಡೆ.

ತಪ್ಪಿದ್ದದ್ದು ನನ್ನ ಹಳೆಯ ಪರಿವರ್ತಕದಲ್ಲಿ. ಸಂಘದ ಹಳೇ ಪಟ್ಟಿ ನುಡಿ ಫಾಂಟಿನಲ್ಲಿತ್ತು. ಯೂನಿಕೋಡ್ ಅಲ್ಲದ ಆ ಪದ್ಧತಿಯಲ್ಲಿ ‘ಕೋ’ ಎಂಬುದು ಕಕಾರ, ಎತ್ವ, ಊತ್ವದ ಕೊಂಬು, ದೀರ್ಘ ಎಂಬ ಬಿಡಿಬಿಡಿ ತುಂಡುಗಳಾಗಿ ಕೂತಿರುತ್ತದೆ. ನನ್ನ ಪರಿವರ್ತಕ ಒಂದೊಂದು ತುಂಡಿಗೂ ಒಂದೊಂದು ಯೂನಿಕೋಡ್ ಸಂಕೇತ ಕೊಟ್ಟು ಕೈತೊಳೆದುಕೊಂಡಿತ್ತು. ಹಾಗಾಗಿ ಹಳೇ ದಾಖಲೆಯ ‘ಅಂಕೋಲಾ’ದಲ್ಲಿ 8 ಸಂಕೇತಗಳಿದ್ದವು. ಕೀಲಿಮಣೆಯಲ್ಲಿ ಹೊಸದಾಗಿ ಹೊಡೆದರೆ 6 ಮಾತ್ರ. ತೆರೆಯ ಮೇಲೆ ಎರಡೂ ಒಂದೇ ಥರ. ಹೋಲಿಸಿ ನೋಡುವ ಯಂತ್ರಕ್ಕೆ ಬೇರೆ ಬೇರೆ. ‘ಕಾರವಾರ’ದಲ್ಲಿ ಒಡೆಯಬಲ್ಲ ಸ್ವರವೇ ಇಲ್ಲ, ಅದಕ್ಕೇ ಪಾರಾಯಿತು. ಜಿಲ್ಲೆಯ 12 ತಾಲ್ಲೂಕುಗಳನ್ನು ಕೂತು ಪರೀಕ್ಷಿಸಿದೆ: ಅಂಕೋಲಾ, ಹೊನ್ನಾವರ, ಜೋಯಿಡಾ, ದಾಂಡೇಲಿ, ಮುಂಡಗೋಡ ಈ ಐದಕ್ಕೂ ಇದೇ ಗತಿ. ಉಳಿದ ಏಳಕ್ಕೆ ಏನೂ ಆಗದು.

ಮದ್ದು ಒಂದೇ ಸಾಲಿನದು. ಎನ್‌ಎಫ್‌ಸಿ ಎಂಬ ಯೂನಿಕೋಡ್ ಸಾಮಾನ್ಯೀಕರಣ ಈ ತುಂಡುಗಳನ್ನು ಮತ್ತೆ ಒಂದುಗೂಡಿಸುತ್ತದೆ, ಪೈಥಾನಿನಲ್ಲೇ ಅದು ಸಿಗುತ್ತದೆ. ಡೇಟಾಬೇಸಿಗೆ ಬರುವ ಪಠ್ಯಕ್ಕೂ ಟೂಲಿಗೆ ಬರುವ ಪ್ರಶ್ನೆಗೂ ಅದನ್ನೇ ಹಚ್ಚಬೇಕು. ಒಂದು ಕಡೆ ಹಚ್ಚಿ ಇನ್ನೊಂದು ಕಡೆ ಮರೆತು, ಮತ್ತೊಂದು ಸುತ್ತು ತಲೆ ಕೆರೆದುಕೊಂಡವನು ನಾನು.

4. ‘ಏನೂ ಇಲ್ಲ’ ಎಂದು ಟೂಲ್ ಸುಳ್ಳು ಹೇಳದಂತೆ ನೋಡಿಕೊಳ್ಳಿ.
ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇಂಟರ್ನೆಟ್ಟೂ ಹೇಳಿ ಹೋಗುವುದಿಲ್ಲ. ಡೇಟಾಬೇಸ್ ಇರುವ ಕಾರವಾರದ ಸರ್ವರಿಗೆ ಸಂಪರ್ಕ ಕಡಿದರೆ ಪ್ರೋಗ್ರಾಂ ಬೀಳದಿರಲಿ ಎಂದು, ದೋಷ ಬಂದರೆ ಖಾಲಿ ಪಟ್ಟಿ ಕಳಿಸುವಂತೆ ಬರೆದಿದ್ದೆ. ಬಾಗಿಲು ತಟ್ಟಿದಾಗ ಓಗೊಡದಿದ್ದರೆ ಮನೆಯಲ್ಲಿ ಯಾರೂ ವಾಸವೇ ಇಲ್ಲ ಎಂದು ತೀರ್ಮಾನಿಸಿದ ಹಾಗೆ, ಸಹಾಯಕ ಟೇಬಲ್ ಖಾಲಿಯಿದೆ ಎಂದು ನಂಬಿತು. ಮಾದರಿ ಸದಸ್ಯರನ್ನು ತುಂಬುವ ಕೋಡನ್ನೂ ಅಚ್ಚುಕಟ್ಟಾಗಿ ಬರೆದುಕೊಟ್ಟಿತು. ಅದು ನಂಬಿದ್ದರಲ್ಲಿ ತಪ್ಪೇನಿದೆ? ಹೇಳಿದ್ದು ನನ್ನ ಟೂಲ್. ಈಗ ಸಂಪರ್ಕ ಕಡಿದರೆ ‘ಡೇಟಾಬೇಸ್ ಸಿಗುತ್ತಿಲ್ಲ, ಯಾವ ತೀರ್ಮಾನಕ್ಕೂ ಬರಬೇಡ, ಬಳಕೆದಾರನನ್ನು ಕೇಳು’ ಎಂಬ ದೋಷ ಸಂದೇಶ ಹೋಗುತ್ತದೆ.

5. ಊರಿನ ಸಂಗತಿಯನ್ನು ಬರೆದು ತಿಳಿಸಿ.
ಡೀಸೆಲ್ ವರದಿಯಲ್ಲಿ ಜೂನ್, ಜುಲೈ ತಿಂಗಳಿಗೆ ಸೊನ್ನೆ ಇರುವುದನ್ನು ಸಹಾಯಕ ಗಮನಿಸಿತು. ಮಾಹಿತಿ ಕಳೆದುಹೋಗಿದೆ ಎಂದು ಭಾವಿಸಿ, ಆಚೀಚೆ ತಿಂಗಳುಗಳ ಸರಾಸರಿ ತುಂಬುವ ಕೋಡ್ ಬರೆಯಿತು. ನಾನೂ ಓದದೇ ಒಪ್ಪಿದೆ. ಸಂಘದ ಗುಮಾಸ್ತರು ವರದಿ ನೋಡಿ, ‘ಬಂದ್ ಇದ್ದಾಗ ಯಾವ ಬೋಟು ಹೋಗಿತ್ತು ಮಾರಾಯ್ರೆ?’ ಅಂದರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಎಂಬುದು ಬೈತಖೋಲ ಬಂದರಿನ ಮಕ್ಕಳಿಗೂ ಗೊತ್ತು. ಟೂಲಿನ ವಿವರಣೆಯಲ್ಲಿ ನಾನು ಅದನ್ನು ಬರೆದಿರಲಿಲ್ಲ. ಈಗ ಎರಡು ಸಾಲು ಸೇರಿಸಿದ್ದೇನೆ, ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್ ಎಂಬುದನ್ನೂ.

6. ಓದಲು ಮಾತ್ರ ಬಿಡಿ, ಅದೂ ಬೇಕಾದಷ್ಟೇ.
ಶುರುವಿನಲ್ಲಿ ಡೇಟಾಬೇಸಿನ ಪೂರ್ಣ ಅಧಿಕಾರವಿರುವ ಪಾಸ್‌ವರ್ಡನ್ನೇ ಟೂಲಿಗೆ ಕೊಟ್ಟಿದ್ದೆ. ಪರೀಕ್ಷೆಗೆ ಹಾಕಿದ ಸಾಲುಗಳನ್ನು ತೆಗೆದುಹಾಕು ಎಂದಾಗ ಅವುಗಳ ಜೊತೆ ಆ ದಿನದ ಅಸಲಿ ಕಂತುಗಳೂ ಹೋದವು. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಉಳಿದದ್ದನ್ನು ರಸೀದಿ ಪುಸ್ತಕ ನೋಡಿ ಮತ್ತೆ ಹೊಡೆದೆ. ಈಗ ಟೂಲಿಗೆ ಓದುವ ಹಕ್ಕು ಮಾತ್ರ ಇರುವ ಬೇರೆ ಬಳಕೆದಾರ ಇದ್ದಾನೆ. ಪಾಸ್‌ವರ್ಡ್ ಸಂರಚನಾ ಫೈಲಿನಲ್ಲಿಲ್ಲ, ಏಕೆಂದರೆ ಆ ಫೈಲು ಗಿಟ್‌ಗೆ ಹೋಗುತ್ತದೆ. ಇನ್ನೊಂದು ಮಾತು: ಟೂಲ್ ಕೊಡುವ ಉತ್ತರ ನಮ್ಮ ಕಂಪ್ಯೂಟರಿನಲ್ಲೇ ಉಳಿಯುವುದಿಲ್ಲ, ಮಾಡೆಲ್ ಇರುವ ಕಂಪನಿಯ ಸರ್ವರಿನವರೆಗೂ ಹೋಗುತ್ತದೆ. ಸದಸ್ಯರ ಫೋನ್ ನಂಬರು, ಆಧಾರ್ ಸಂಖ್ಯೆ ಅಲ್ಲಿಗೆ ಹೋಗಬೇಕಾದ ಕಾರಣವೇ ಇಲ್ಲ. ಆ ಕಾಲಂಗಳನ್ನು ಟೂಲಿನಲ್ಲೇ ತಡೆದಿದ್ದೇನೆ.

7. ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಮೊದಲು ಕೇಳಿ.
ಸಹಾಯಕದ ಮಾತಿನ ಓಘ ಕಂಡು ಟೂಲ್ ಸರಿಯಿದೆ ಎಂದು ನಂಬಿಬಿಡುವುದು ಸುಲಭ. ಎಂಸಿಪಿ ಇನ್‌ಸ್ಪೆಕ್ಟರ್ ಎಂಬ ಸಲಕರಣೆಯಿದೆ. ಸಹಾಯಕವನ್ನು ನಡುವೆ ತರದೆ ಟೂಲನ್ನು ನಾವೇ ಕರೆದು, ಅದು ಕೊಟ್ಟ ಉತ್ತರವನ್ನು ಹಾಗೆಹಾಗೇ ನೋಡಬಹುದು. ಇದನ್ನು ಮೊದಲೇ ಬಳಸಿದ್ದರೆ ಮೇಲಿನ ಅರ್ಧ ಪಾಠ ಉಳಿಯುತ್ತಿತ್ತು. ಏನೇ ಬದಲಿಸಿದರೂ ನಾನೀಗ ಮೂರು ಪ್ರಶ್ನೆ ಕೇಳುತ್ತೇನೆ: ಬೇಲೆಕೇರಿಯ ಸದಸ್ಯರೆಷ್ಟು, ಜುಲೈನಲ್ಲಿ ಡೀಸೆಲ್ ಎಷ್ಟು, ವೈರ್ ಕಿತ್ತಿಟ್ಟರೆ ಏನು ಹೇಳುತ್ತೀಯ. ಮೂರಕ್ಕೂ ಸರಿಯುತ್ತರ ಬಂದ ಮೇಲೆಯೇ ಸಹಾಯಕಕ್ಕೆ ಟೂಲ್ ಕೊಡುವುದು. ನಾಲ್ಕನೆಯ ಪ್ರಶ್ನೆ ಯಾವುದೆಂದು ಗುಮಾಸ್ತರು ಯಾವತ್ತಾದರೂ ಹೇಳಿಯಾರು.